ಶೇವಳಾ ಹೂವು, ಕಾಕಡದ ಕಾಯಿ

ಎಪ್ಪತ್ತರ ದಶಕದಲ್ಲಿ, ಮುಂಬಯಿ ಪಕ್ಕದ ಕಳವಾ ಊರಿನಲ್ಲಿ, ಮಳೆ ಹತ್ತಿರ ಬಂತೆಂದು ನಮಗೆ ತಿಳಿಯುತ್ತಿದ್ದುದು ಕಮಳಿಯ ಬುಟ್ಟಿಯಿಂದ. ನಮ್ಮ ಚಾಳಿನ ಹಿಂದಿನ ಗುಡ್ಡದ ಕಾಡಿನಿಂದ ಇಳಿದು ಬರುತ್ತಿದ್ದ ಆದಿವಾಸಿ ಹೆಂಗಸು ಅವಳು. ಬುಟ್ಟಿಯ ತುಂಬ ಶೇವಳಾ. ಬೇಸಿಗೆ ಮುಗಿಯುವಾಗ ಒಂದೆರಡು ಅಡ್ಡಮಳೆ ಬಿದ್ದರೆ ಸಾಕು, ಎಲೆಗಿಂತ ಮೊದಲೇ ತೇವದ ನೆಲ ಸೀಳಿ ಬರುವ ಬದನೆ ಬಣ್ಣದ ಹೂವು. ಎದುರು ಖೋಲಿಯ ಮರಾಠಿ ಕಾಕು ಅದರ ಪಲ್ಯ ಮಾಡಿದ ದಿನ ಇಡೀ ಚಾಳು ಮೂಗರಳಿಸುತ್ತಿತ್ತು.

ವಿಜಾಪುರದಿಂದ ಬಂದ ನಮ್ಮವ್ವನಿಗೂ ಒಂದು ವರ್ಷ ಆಸೆಯಾಯಿತು. ತರಲು ನನ್ನನ್ನು ಕಳಿಸಿದಳು. ಕಮಳಿ ಹೂವಿನ ಕಟ್ಟಿನ ಜೊತೆ ಎಲೆಯಲ್ಲಿ ಒಂದು ಹಿಡಿ ಹಸಿರು ಕಾಯಿ ಸುತ್ತಿ ಕೊಟ್ಟಳು.

"ಕಾಕಡ್ ಘಾಲ್ ರೇ ಬಾಳಾ, ನಾಯ್ ತರ್ ಗಳಾ ಧರಲ್."

ಆ ಕಾಯಿ ಹಾಕದಿದ್ದರೆ ಗಂಟಲು ಹಿಡಿಯುತ್ತದೆ ಎಂದು.

ಕಾಯಿ ತುಂಬಿ ಹೊಡೆಯುವ ಬಿದಿರಿನ ಪೆಟ್ಲನ್ನು ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕಾಕಡದ ಕಾಯಿ ಅದರ ಬಾಯಿಗೆ ಹೇಳಿ ಮಾಡಿಸಿದಂತಿತ್ತು. ಟಪ್ ಟಪ್ ಎಂದು ದಾರಿಯ ನಾಯಿಗಳಿಗೆಲ್ಲ ಹೊಡೆಯುತ್ತ ಮನೆ ಮುಟ್ಟಿದೆ. ಎಲೆ ಖಾಲಿಯಾಗಿತ್ತು.

"ಹ್ಯಾಂಗ ಮಾಡ್ಬೇಕಂತಲೇ?" ಅವ್ವ ಕೇಳಿದಳು.

"ಸುಮ್ನ ಹುರೀಬೇಕಂತ ಬೇ."

ಮೊದಲ ತುತ್ತು ನಾಲ್ಕು ವರ್ಷದ ತಂಗಿ ಶಾಂತಾಳದು. ನುಂಗಿದ್ದೇ ತಡ, ಗಂಟಲು ಪರಚಿಕೊಂಡಳು. ತುಟಿ ಬಾತವು. ಅಳು ನಿಂತು, ಸಿಳ್ಳಿನಂಥ ಉಸಿರು ಮಾತ್ರ ಉಳಿಯಿತು. ಅಪ್ಪ ರೈಲ್ವೆ ಕಾರ್‌ಶೆಡ್ಡಿನಲ್ಲಿ ಪಾಳಿಯ ಮೇಲಿದ್ದ. "ನನ್ನ ಕೂಸು ಹೋಗ್ತದ್ರೋ!" ಎಂದು ಅವ್ವ ಚೀರಿದಳು. ಕಾಕು ಓಡಿಬಂದು ಗುಟುಕು ಗುಟುಕಾಗಿ ಹುಣಸೆ ನೀರು ಹಾಕಿದಳು. ಆ ಸಿಳ್ಳು ಸಡಿಲವಾಗುವ ತನಕ ನಾನು ಮೂಲೆಯಿಂದ ಅಲುಗಲಿಲ್ಲ. ಶಾಂತಾ ಉಳಿದಳು.

ಮರುದಿನ ಹೆಂಗಸರೆಲ್ಲ ಕಮಳಿಯನ್ನು ಅಡ್ಡಗಟ್ಟಿದರು.

"ವಿಷಾ ಮಾರ್ತೀ ಏನ ರಂಡೆ?" ಅವ್ವ ಅವಳ ಸೆರಗು ಹಿಡಿದಳು.

"ಕಾಕಡ್ ದಿಲಾ ಹೋತಾ," ಎಂದಳು ಕಮಳಿ. "ಪೋರಾಲಾ ವಿಚಾರಾ." ಕೊಟ್ಟಿದ್ದೆ, ನಿಮ್ಮ ಹುಡುಗನನ್ನೇ ಕೇಳಿ ಎಂದು.

ಎಲ್ಲರೂ ನನ್ನತ್ತ ತಿರುಗಿದರು.

"ಇಲ್ಲ," ಅಂದೆ. "ಕೊಟ್ಟಿಲ್ಲ."

ಕಮಳಿಯ ಕಣ್ಣು ನನ್ನ ಸೊಂಟಕ್ಕಿಳಿಯಿತು. ಪೆಟ್ಲಿನ ಬಾಯಲ್ಲಿ ಕೊನೆಯ ಕಾಯಿ ಹಸಿರಾಗಿ ಸಿಕ್ಕಿಕೊಂಡಿತ್ತು. ಅವಳು ಬೆರಳು ತೋರಿಸುತ್ತಾಳೆಂದು ಅಂಗಿ ಜಗ್ಗಿ ಅದನ್ನು ಮುಚ್ಚಿದೆ. ತೋರಿಸಲಿಲ್ಲ. ಅವ್ವ ಬುಟ್ಟಿಗೆ ಒದ್ದಳು. ಗಟಾರದಿಂದ ಹೂವು ಆರಿಸಿಕೊಂಡು ಹೋದ ಕಮಳಿ ನಮ್ಮ ಚಾಳಿಗೆ ಮತ್ತೆ ಬರಲಿಲ್ಲ.

ಆ ಗುಡ್ಡದ ನೆತ್ತಿಯವರೆಗೂ ಈಗ ಖೋಲಿಗಳು. ಶೇವಳಾ ಏಳಲು ಅಲ್ಲಿ ಮಣ್ಣೇ ಇಲ್ಲ. ಶಾಂತಾ ವಾಶಿಯಲ್ಲಿದ್ದಾಳೆ, ಮೊಮ್ಮಕ್ಕಳಾಗಿವೆ. ಬಾಜಾರಿನಲ್ಲಿ ಎಲ್ಲಾದರೂ ಆ ಹೂವು ಕಂಡರೆ ಆ ಮೊಮ್ಮಕ್ಕಳ ಕೈ ಜಗ್ಗುತ್ತಾಳೆ: "ಗುಡ್ಡದ ಮಂದಿ ಕೈಯಾಂದು ತಗೋಬ್ಯಾಡ್ರಿ. ನಾ ಸಾಯ್ತಿದ್ದೆ, ಕೇಳ್ರಿ ನಿಮ್ಮ ಈ ಅಜ್ಜಗ." ಅವು ನನ್ನ ಮುಖ ನೋಡುತ್ತವೆ. ಇಷ್ಟು ವರ್ಷ ನಾನು ಹೌದೆಂದು ಗೋಣು ಹಾಕಿದ್ದೇನೆ.

ಶಾಂತಾ, ಕಮಳಿ ಕಾಯಿ ಕೊಟ್ಟಿದ್ದಳು.