ಮನೆಗೊಂದು ಹಾಳೆ

2022ರ ಆಗಸ್ಟ್ ಒಂಬತ್ತು, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಒಂದು ಊರಿನಲ್ಲಿ, ಪಶು ಆಸ್ಪತ್ರೆಯ ಜಗುಲಿಯ ಮೇಲೆ ಮೊಣಕಾಲೂರಿ, ಪಶುವೈದ್ಯಕೀಯ ಪರೀಕ್ಷಕ ಜಡೆಪ್ಪನವರು ಒಂದು ಆಡಿನ ಮುಂಗಾಲಿಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದರು. ಆಡಿನ ತಲೆಯನ್ನು ತೊಡೆಯ ಮೇಲಿಟ್ಟು ಹಿಡಿದವಳು ಉಚ್ಚೆಂಗಮ್ಮ. ಇಪ್ಪತ್ತಾರರ ಹೆಂಗಸು, ಭತ್ತದ ನಾಟಿಗೆ ಹೋಗುವ ಕೂಲಿಯವಳು. ಬಂಡೆಯಿಂದ ಜಿಗಿದು ಕಾಲು ಮುರಿದುಕೊಂಡಿತು ಎಂದಳು.

ಕಟ್ಟು ಮುಗಿಸಿ ಜಡೆಪ್ಪ ರಿಜಿಸ್ಟರ್ ತೆರೆದು ಮನೆ ಯಜಮಾನನ ಹೆಸರು ಕೇಳಿದರು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದಳು.

“ಗಂಡನ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತದೇನವ್ವ?”

“ಆಗ್ತದಂತ್ರೀ ಸಾಹೇಬ್ರ. ಸುಮ್ನೆ ಯಾಕ? ನನ್ನ ಹೆಸರೇ ಬರ್ಕೊಳ್ರಿ.”

ಆ ಕಡೆಯ ಹೆಂಗಸರಿಗೆ ಇದು ಹೊಸದಲ್ಲ. ಕೆದಕಿ ಕೇಳಿ ಅವರನ್ನು ನಾಚಿಸುವುದು ಜಡೆಪ್ಪನವರಿಗೂ ಸೇರುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ, ಪ್ರಾಣಿಯನ್ನು ಯಾರು ತಂದರೋ ಅವರ ಹೆಸರನ್ನೇ ಆ ಖಾನೆಯಲ್ಲಿ ಬರೆಯುತ್ತ ಬಂದಿದ್ದರು. ಕಾರಣದ ಖಾನೆಯಲ್ಲಿ ‘ಬಿದ್ದು ಮುರಿತ’ ಎಂದು ಬರೆದರು. ಜಿಗಿದ ಕಾಲು ಸಾಮಾನ್ಯವಾಗಿ ಓರೆಯಾಗಿ ಮುರಿಯುತ್ತದೆ. ಇದು ಅಡ್ಡಕ್ಕೆ ನೆಟ್ಟಗೆ ಮುರಿದಿತ್ತು, ಕೋಲಿನ ಏಟಿಗೆ ಮುರಿಯುವ ಹಾಗೆ. ಅವರ ಕೈಗೆ ಅದು ತಿಳಿದಿತ್ತು, ಬರೆಯಲಿಲ್ಲ.

ಜನವರಿಯಲ್ಲಿ ಬಸಕ್ಕ ಎಂಬ ಮುದುಕಿ ಬಾಲದ ಮೂಳೆ ತಿರುಚಿ ಮುರಿದ ಎಮ್ಮೆಯೊಂದನ್ನು ಹೊಡೆದುಕೊಂಡು ಬಂದಳು. ಗೂಟಕ್ಕೆ ಸಿಕ್ಕಿತ್ತಂತೆ. ಮಾರ್ಚಿನಲ್ಲಿ ಹಂಪಯ್ಯ ಎನ್ನುವವರು, ಪಕ್ಕದ ಮನೆಯದೆಂದು ಹೇಳಿ, ಕುದಿಯುವ ನೀರಿಗೆ ಬೆನ್ನು ಸುಟ್ಟ ನಾಯಿಯನ್ನು ಗೋಣಿಚೀಲದಲ್ಲಿ ತಂದರು. ಉರಿ ತಾಳದೆ ಅದು ಬೀದಿಯಲ್ಲಿ ಮೂರು ಮಕ್ಕಳನ್ನು ಕಚ್ಚಿತ್ತು. ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ಓಡಾಟದಲ್ಲಿ, ನೀರು ಸುರಿದವರು ಯಾರೆಂದು ಕೇಳುವುದು ಉಳಿದೇಹೋಯಿತು.

ಜೂನ್‌ನಲ್ಲಿ ಉಚ್ಚೆಂಗಮ್ಮ ಮತ್ತೆ ಬಂದಳು. ಅದೇ ಆಡು, ಈ ಸಲ ದವಡೆ. ಅವಳ ಎಡ ಮಣಿಕಟ್ಟಿಗೆ ಹಳೇ ಸೀರೆಯ ಅಂಚು ಸುತ್ತಿತ್ತು, ಬೆರಳು ಬಾತಿದ್ದವು.

“ನೀನೂ ಬಿದ್ದಿಯೇನವ್ವ?”

“ಇಬ್ರೂ ಕೂಡೇ ಬಿದ್ವಿರೀ,” ಎಂದು ನಕ್ಕಳು.

ಜಡೆಪ್ಪ ನಗಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ತೋರಿಸು ಎಂದರು. ಹೂಂ ಎಂದಳು. ಆಡಿನ ದವಡೆ ರಿಜಿಸ್ಟರಿಗೆ ಹೋಯಿತು. ಮಣಿಕಟ್ಟಿಗೆ ಅದರಲ್ಲಿ ಖಾನೆ ಇರಲಿಲ್ಲ.

ಇಪ್ಪತ್ತಮೂರು ದಿನ ಕಳೆದು, ಕಾಲುಬಾಯಿ ರೋಗದ ಲಸಿಕೆ ಹಾಕುತ್ತ ಓಣಿ ಓಣಿ ತಿರುಗುತ್ತಿದ್ದಾಗ, ಒಂದು ಮನೆಯ ಮುಂದೆ ಜನ ನೆರೆದಿದ್ದರು. ಒಳಗೆ ಚಾಪೆಯ ಮೇಲೆ ಉಚ್ಚೆಂಗಮ್ಮನ ಹೆಣ. ಗಂಡ ಮುರುಗೇಶ ಒನಕೆಯಿಂದ ತಲೆಗೆ ಹೊಡೆದಿದ್ದ. ಪೊಲೀಸರು ಅವನನ್ನು ಆಗಲೇ ಒಯ್ದಿದ್ದರು. ಹೊಸಿಲಲ್ಲಿ ಅತ್ತೆ ಎದೆ ಬಡಿದುಕೊಳ್ಳುತ್ತಿದ್ದಳು. ಜಡೆಪ್ಪ ಅವಳ ಮುಖ ನೋಡಿದರು: ಬಸಕ್ಕ. ಪಕ್ಕದ ಬಾಗಿಲಲ್ಲಿ ನಿಂತವರು ಹಂಪಯ್ಯ. ಹಿತ್ತಲಲ್ಲಿ ಸೊಟ್ಟ ಬಾಲದ ಎಮ್ಮೆ ಮೆಲುಕು ಹಾಕುತ್ತಿತ್ತು.

ಲಸಿಕೆಯ ಡಬ್ಬಿ ಹಿಡಿದೇ ಆಸ್ಪತ್ರೆಗೆ ಮರಳಿ ರಿಜಿಸ್ಟರ್ ತಿರುವಿದರು. ನಾಲ್ಕು ಸಾಲು, ಮೂರು ಹೆಸರು, ಒಂದೇ ಅಂಗಳ. ಮುರುಗೇಶನ ಹೆಸರು ಎಲ್ಲಿಯೂ ಇರಲಿಲ್ಲ.

ಮರುದಿನ ಹಾಳೆ ಕೂಡಿಸಿ ಹೊಸ ಪುಸ್ತಕ ಹೊಲಿದರು. ಹೆಸರಿಗಲ್ಲ, ಮನೆಗೊಂದು ಹಾಳೆ: ಮನೆಯ ನಂಬರು, ಪ್ರಾಣಿ, ಗಾಯದ ಆಕಾರ, ಹೇಳಿದ ಕಾರಣ, ಕಂಡ ಕಾರಣ. ಒಂದೇ ಹಾಳೆಯಲ್ಲಿ ಎರಡನೆಯ ಸಾಲು ಬಿದ್ದರೆ ಠಾಣೆಗೆ ಹೋಗುತ್ತಿದ್ದರು. ಮೊದಮೊದಲು ಅಲ್ಲಿನ ಪೊಲೀಸರು, ಆಡು-ಮ್ಯಾಕಿ ಸಾಹೇಬ್ರು ಬಂದ್ರು ಕುಂದ್ರಿಸ್ರಿ ಎಂದು ನಗಾಡಿದರು. ಇವರು ಕುಳಿತರು, ಅರ್ಜಿಗೆ ಸೀಲು ಬೀಳುವ ತನಕ. ಅಂಗನವಾಡಿಯ ರೇಣುಕಾದೇವಿ ಅದೇ ಹಾಳೆ ನೋಡಿಕೊಂಡು, ಮಕ್ಕಳ ತೂಕ ನೋಡುವ ನೆಪದಲ್ಲಿ ಆ ಮನೆಗಳಿಗೆ ಹೋಗಿ ಹೆಂಗಸರನ್ನು ಮಾತಾಡಿಸುತ್ತಿದ್ದಳು. ಹಾಗೆ ಇಬ್ಬರು ಜೀವಸಹಿತ ತವರು ಸೇರಿದರು. ಮೂರನೆಯವಳು, ನಮ್ಮ ಮನಿ ಸುದ್ದಿಗೆ ಬರಬ್ಯಾಡ್ರಿ ಎಂದು ಬಾಗಿಲು ಹಾಕಿಕೊಂಡಳು. ಅವಳ ಹಾಳೆ ಇನ್ನೂ ತುಂಬುತ್ತಿದೆ.

ಉಚ್ಚೆಂಗಮ್ಮನ ಆಡನ್ನು ಜಡೆಪ್ಪ ತಮ್ಮ ಮನೆಗೇ ತಂದುಕೊಂಡರು. ದವಡೆ ಸರಿಯಾಗಿ ಕೂಡಲಿಲ್ಲ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಗಂಜಿಯಲ್ಲಿ ಕಲಸಿ ಕೈಯಾರೆ ತಿನ್ನಿಸುತ್ತಾರೆ.

2025ರ ಫೆಬ್ರುವರಿಯಲ್ಲಿ ಹೊಸಪೇಟೆಯ ಕೋರ್ಟಿನಿಂದ ಸಾಕ್ಷಿಗೆ ಕರೆ ಬಂತು. ಆರೋಪಿಯ ಜಾಗದಲ್ಲಿ ಮುರುಗೇಶ ಗಡ್ಡ ಬೋಳಿಸಿಕೊಂಡು, ಗಟ್ಟಿಮುಟ್ಟಾಗಿ ನಿಂತಿದ್ದ. ಆಯುಷ್ಯ ಕಮ್ಮಿಯಾದ ಹಾಗೆ ಕಾಣಲಿಲ್ಲ. ಸರ್ಕಾರಿ ವಕೀಲರು ರಿಜಿಸ್ಟರಿನ ನಾಲ್ಕು ಸಾಲುಗಳನ್ನು ಓದಿಸಿ, ಆಕೆಯ ಸಾವಿಗೆ ಮೊದಲು ಆ ಮನೆಯಿಂದ ಬಂದ ಎಷ್ಟು ಗಾಯಗಳನ್ನು ನೀವು ಕಣ್ಣಾರೆ ಕಂಡಿದ್ದಿರಿ ಎಂದು ಕೇಳಿದರು. ನಾಲ್ಕು ಎಂಬ ಉತ್ತರ ಅವರ ಕಾಗದದಲ್ಲಿ ಮೊದಲೇ ಇತ್ತು.

ಜಡೆಪ್ಪ ತಮ್ಮ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ನಿಂತಿದ್ದರು.

“ಐದು,” ಎಂದರು.