ಕುಡುಗೋಲು ಕೈಗೆ ಕೊಡಬಾರದು

ನಿನ್ನೆ ನ್ಯಾಮತಿಯ ಅಂಗಡಿಯೊಂದರಲ್ಲಿ ಕುಡುಗೋಲು ಕೇಳಿದೆ. ಅಂಗಡಿಯವರು ಅದನ್ನು ಕೈಗೆ ಕೊಡದೆ ನನ್ನ ಮುಂದೆ ನೆಲದ ಮೇಲಿಟ್ಟರು. ಹೊಸ ಕಬ್ಬಿಣದ ವಾಸನೆಗೆ ಅವ್ವ ನೆನಪಾದಳು.

ನನ್ನ ಚಿಕ್ಕಂದಿನಲ್ಲಿ ರಾಗಿ ಕೊಯ್ಲಿನ ಹೊತ್ತು ಅವ್ವ ಕುಡುಗೋಲನ್ನು ನೆಲಕ್ಕಿಟ್ಟರೆ ಅಪ್ಪ ಎತ್ತಿಕೊಳ್ಳುತ್ತಿದ್ದ. “ಕೈಯಿಂದ ಕೈಗೆ ಕೊಟ್ರೆ ಜಗಳ ಬರ್ತೈತೆ” ಎನ್ನುತ್ತಿದ್ದಳು. ನಾವು ಕೂಲಿಗೆ ಹೋಗುತ್ತಿದ್ದ ಹೊಲದ ಒಡತಿ, ನಮ್ಮ ಕೇರಿಯವರಿಗೆಲ್ಲ ರೊಟ್ಟಿಯನ್ನೂ ಹಾಗೆಯೇ ಬದುವಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ನಮ್ಮ ಜೊತೆ ಜಗಳ ಆಗಬಾರದೆಂದು ಇವರಿಗೆ ಎಷ್ಟೊಂದು ಕಾಳಜಿ ಎಂದುಕೊಂಡು ನಾನು ಅವರನ್ನು ತುಂಬಾ ಇಷ್ಟಪಟ್ಟಿದ್ದೆ.

ಒಂದು ಮಧ್ಯಾಹ್ನ ಅವರು ತಮ್ಮ ಮಗಳ ಕೈಗೇ ರೊಟ್ಟಿ ಕೊಟ್ಟರು. ನನಗೆ ಗಾಬರಿಯಾಯಿತು.

“ಅವ್ವಾ, ಅವ್ರಿಬ್ರಿಗೂ ಜಗಳ ಬರಲ್ವಾ?”

ಅವ್ವ ನನ್ನ ಮುಖ ನೋಡಲಿಲ್ಲ. ಬದುವಿನಿಂದ ಎತ್ತಿಕೊಂಡ ರೊಟ್ಟಿಯ ಮಣ್ಣನ್ನು ಊದುತ್ತಾ, “ಸುಮ್ನೆ ತಿನ್ನು” ಎಂದಳು.

ನೆಲದ ಮೇಲಿದ್ದ ಕುಡುಗೋಲನ್ನು ನಾನು ಮುಟ್ಟಲಿಲ್ಲ. ಅಂಗಡಿಯವರತ್ತ ಕೈ ಚಾಚಿದೆ.

“ಕೈಗೆ ಕೊಡ್ರಿ.”

“ಬ್ಯಾಡ್ರೀ, ಜಗಳ ಬರ್ತೈತೆ.”

“ಬರ್ಲಿ, ಕೊಡ್ರಿ” ಎಂದೆ.