ಜಕ್ಕವಕ್ಕಿಗೆ ಇಬ್ಬರು ಸಾಕ್ಷಿ

ಭಾನುವಾರ ಊಟ ಮುಗಿಸಿ ಗಂಡನೊಂದಿಗೆ ಶಿವಾಜಿನಗರದಲ್ಲಿ ಹೊಸಕೋಟೆ ಬಸ್ಸು ಹತ್ತಿದಾಗ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ: ಜಕ್ಕವಕ್ಕಿಯನ್ನು ನೋಡಿಯೇ ತೀರಬೇಕು. ನಾನು ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವಳು. ಸಂಜೆಯಾದರೆ ಹೆಣ್ಣು ಈ ದಡಕ್ಕೆ, ಗಂಡು ಆ ದಡಕ್ಕೆ ಅಗಲಿ ಬೆಳಗಿನವರೆಗೆ ಒಂದನ್ನೊಂದು ಕೂಗುತ್ತವೆ ಎಂದು ಹಳೆಯ ಕವಿಗಳು ಹಾಡಿದ ಹಕ್ಕಿ ಅದು. ಆ ಚಂದದ ಪದ ಈಗ ಪಾಠದ ಕೋಣೆಯ ಹೊರಗೆ ಕಿವಿಗೆ ಬೀಳುವುದೇ ಇಲ್ಲ.

ಬೀಳುವಂತೆ ಮಾಡಲು ಒಂದು ದಾರಿ ಸಿಕ್ಕಿತ್ತು. ನನ್ನ ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ರಜೆ ಸಿಕ್ಕರೆ ಹಕ್ಕಿ ನೋಡುವ ಗುಂಪಿನೊಂದಿಗೆ ಕೆರೆ ಕೆರೆ ಸುತ್ತುವವರು. ಆ ಗುಂಪು ಕನ್ನಡ ಶಾಲೆಗಳಿಗೆಂದು ನಮ್ಮ ಕೆರೆಗಳ ಹಕ್ಕಿಗಳ ಚಿತ್ರಪಟ ಅಚ್ಚು ಹಾಕಿಸುತ್ತಿತ್ತು. ಈ ಚಳಿಗಾಲದಲ್ಲಿ ಇಬ್ಬರು ಜೊತೆಯಾಗಿ ನೋಡಿದ ಹಕ್ಕಿಗೆ ಮಾತ್ರ ಅದರಲ್ಲಿ ಜಾಗ. ಒಬ್ಬರೇ ಕಂಡದ್ದನ್ನು ಅವರು ಒಪ್ಪುವುದಿಲ್ಲ. ಕೆ.ಆರ್. ಪುರದಾಚೆಯ ದೊಡ್ಡ ಕೆರೆಯಲ್ಲಿ ಕಾವಿ ಬಣ್ಣದ ಎರಡು ಬಾತುಗಳನ್ನು, ಅಂದರೆ ಜಕ್ಕವಕ್ಕಿಗಳನ್ನೇ, ಗುಂಪಿನ ಒಬ್ಬರು ಕಂಡಿದ್ದರು. ಇನ್ನೊಬ್ಬ ಸಾಕ್ಷಿ ಇರಲಿಲ್ಲ. ಇಬ್ಬರು ಕಂಡರೆ ಜಕ್ಕವಕ್ಕಿ ಎಂಬ ಹೆಸರನ್ನೇ ಹಾಕುತ್ತೇವೆ ಎಂದು ಗುಂಪಿನವರು ನನಗೆ ಮಾತು ಕೊಟ್ಟಿದ್ದರು. ಪಟ ಸೋಮವಾರ ಸಂಜೆ ಮುದ್ರಣಕ್ಕೆ ಹೋಗುವುದಿತ್ತು.

ಹಲಸೂರು ದಾಟುವವರೆಗೆ ಬಸ್ಸು ಚೆನ್ನಾಗಿಯೇ ಓಡಿತು. ಟಿನ್ ಫ್ಯಾಕ್ಟರಿ ಹತ್ತಿರ ನಿಂತದ್ದು ನಿಂತೇ ಬಿಟ್ಟಿತು. ಅಲ್ಲಿ ರೈಲು ಹಳಿಯ ಮೇಲೆ ತೂಗುಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲ. ಮುಂದೆ ಬರೀ ಲಾರಿ, ಧೂಳು. ವಾಪಸ್ ಹೋಗೋಣವೇ ಎಂದು ಇವರು ಕೇಳಿದರು. ನಾನು ಇಳಿದು ನಡೆಯತೊಡಗಿದೆ. ಕೆ.ಆರ್. ಪುರದ ಸಂತೆ ಬೀದಿಯಲ್ಲಿ ಖಾರ ಹಚ್ಚಿದ ಸೀಬೆಕಾಯಿ ತಿಂದು ಇನ್ನೊಂದು ಬಸ್ಸು ಹಿಡಿದೆವು. ಕೆರೆ ಸೇರುವಾಗ ಬಿಸಿಲು ಇಳಿದು ಚಳಿಗಾಳಿ ಎದ್ದಿತ್ತು.

ಅಲ್ಲಿ ನಾವು ಮಾಡಿದ ಕೆಲಸವನ್ನು ಬೇರೆ ಯಾವ ಗಂಡಹೆಂಡಿರೂ ಮಾಡಲಾರರು. ಸಂಜೆ ಅವು ಬೇರೆಯಾಗುತ್ತವಲ್ಲ, ನಾವೂ ಒಂದೊಂದು ದಡ ಹಿಡಿಯೋಣ, ಕಂಡವರು ಕೈಬೀಸಿ ಕರೆಯೋಣ ಎಂದು ನಾನೇ ಹೇಳಿದೆ. ಕಾವ್ಯದ ವಿಷಯದಲ್ಲಿ ಇವರು ನನಗೆ ಎದುರಾಡುವುದಿಲ್ಲ. ದುರ್ಬೀನು ಹಿಡಿದು ಏರಿಯ ಮೇಲೆ ಆಚೆ ದಡಕ್ಕೆ ಹೊರಟರು. ಎರಡು ದಡ ನಮಗೇನೂ ಹೊಸದಲ್ಲ. ಮದುವೆಯಾದ ಮೇಲೆ ಬಹುಕಾಲ ಇವರಿಗೆ ರಾತ್ರಿ ಪಾಳಿ, ನನಗೆ ಬೆಳಗಿನ ಕಾಲೇಜು. ಜೀವನ್ ಬಿಮಾ ನಗರದ ಮನೆ ಬಾಗಿಲಲ್ಲಿ ಬೀಗದ ಕೈ ಕೊಟ್ಟು ತೆಗೆದುಕೊಳ್ಳುವಷ್ಟೇ ಭೇಟಿ.

ಹಸು ಹೊಡೆದುಕೊಂಡು ಬರುತ್ತಿದ್ದ ಆ ಊರಿನ ಮುದುಕಿಯೊಬ್ಬಳು ನನ್ನನ್ನೂ ದೂರದಲ್ಲಿದ್ದ ಇವರನ್ನೂ ಬಾರಿ ಬಾರಿ ನೋಡಿದಳು. "ಯಾಕಮ್ಮ, ಅವ್ರು ಆಚೆ ನಿಂತವ್ರೆ, ನೀವ್ ಈಚೆ? ಜಗಳ ಆಡ್ಕಂಡ್ ಬಂದ್ರಾ?" ಹಕ್ಕಿ ಕಾಯುತ್ತಿದ್ದೇವೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಹೊತ್ತು ಮುಳುಗುವಾಗ ಅವು ಬಂದವು. ಎರಡೂ ಒಟ್ಟಿಗೆ ಬಂದು, ನನ್ನ ಮುಂದಿನ ಹುಲ್ಲಿಗೇ ಇಳಿದವು. ಮೈಯೆಲ್ಲ ಕಾವಿ, ತಲೆ ಮಾಸಲು ಬಿಳಿ. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಬಾಯಲ್ಲಿ ಮಾತ್ರ ಇದ್ದ ಪದ ಕಾಲೂರಿ ನಡೆಯುತ್ತಿತ್ತು. ಶಾಲು ಬೀಸಿದೆ, ಬೀಸುತ್ತಲೇ ಇದ್ದೆ. ಇವರು ಏರಿಯುದ್ದಕ್ಕೂ ಓಡಿ ಬಂದು ಮುಟ್ಟುವಷ್ಟರಲ್ಲಿ ಅವು ಎದ್ದು ಕತ್ತಲಲ್ಲಿ ಕರಗಿದವು. ಕೂಗು ಮಾತ್ರ ಕೇಳಿಸಿತು.

ಸಾಕ್ಷಿ ಆಯಿತಲ್ಲ ಎಂದೆ. ಇವರು ಇಲ್ಲವೆಂದು ತಲೆಯಾಡಿಸಿದರು. "ಕೂಗು ಕೇಳ್ದೆ ಸರೋಜ. ನೋಡ್ಲಿಲ್ಲ."

"ಅಂದ್ರೆ ನನ್ ಮಾತು ನಂಬಲ್ವಾ?"

"ನಂಬ್ತೀನಿ. ಆದ್ರೆ ನೋಡ್ದೆ ಅಂತ ಸುಳ್ಳು ಹೇಳಲ್ಲ."

ಕೋಪ ನೆತ್ತಿಗೇರಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಮುದುಕಿ ಕೇಳಿದ ಜಗಳ ಆಗ ನಿಜವಾಗಿಯೂ ಶುರುವಾಗಿತ್ತು. ಇಂದಿರಾನಗರ ಬರುವಾಗ ಇವರು ನಿಧಾನವಾಗಿ, ನಾಳೆ ಕೆಲಸಕ್ಕೆ ರಜೆ ಹಾಕುತ್ತೇನೆ, ನೀನೂ ಹಾಕು, ಮೊದಲ ಬಸ್ಸಿಗೇ ಹೋಗೋಣ ಎಂದರು. ಜ್ವರ ಬಂದಾಗಲೂ ರಜೆ ಹಾಕದ ಮನುಷ್ಯ. ನನ್ನ ಕೋಪ ಅರ್ಧಕ್ಕೆ ಇಳಿಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಸೋಮವಾರ ಮಂಜಿನಲ್ಲಿ ಕೆರೆ ಕಾಣುತ್ತಲೇ ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಒಂದೇ ಕಡೆ, ಒಂದೇ ಶಾಲು ಹೊದ್ದು ನಿಂತೆವು. ಮಂಜು ಸರಿದಾಗ ನಮ್ಮೆದುರಿನ ಹುಲ್ಲಿನಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದವು, ರಾತ್ರಿಯೆಲ್ಲ ಅಲ್ಲಿಯೇ ಇದ್ದಂತೆ. ಇವರು ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ. ಆಮೇಲೆ ನನ್ನ ಕೈಗೆ ಕೊಟ್ಟು "ಕಂಡೆ" ಎಂದರು.

ಮಧ್ಯಾಹ್ನದೊಳಗೆ ಸುದ್ದಿ ಮುಟ್ಟಿಸಲು ಬಸ್ಸು ಹತ್ತಿದೆವು. ಪಟದಲ್ಲಿ ಆ ಪದ ಇರುತ್ತದೆ. ಮರ್ಫಿ ಟೌನಿನ ಕನ್ನಡ ಶಾಲೆಯ ಮಕ್ಕಳೂ ಅದನ್ನು ಓದುತ್ತಾರೆ. ಬಸ್ಸು ತಿರುಗುವಾಗ ಇನ್ನೊಮ್ಮೆ ಕೆರೆಯ ಕಡೆ ನೋಡಿದೆ. ಕವಿಗಳು ಹೇಳಿದ ಹಾಗೆ ಅವು ಅಗಲಲೇ ಇಲ್ಲವಲ್ಲ ಎಂದೆ.

ಇವರು ಟಿಕೆಟು ಜೇಬಿಗಿಟ್ಟುಕೊಳ್ಳುತ್ತ ಹೇಳಿದರು: "ಅವು ಜೊತೇಲೇ ಇದ್ವು ಕಣೇ. ಇಷ್ಟು ವರ್ಷ ಆಚೆ ಈಚೆ ನಿಂತಿದ್ದು ನಾವು."